ಭೇದಿ ಔಷಧಿಯ ಚೀಟಿಯಿಂದ ಶುರುವಾದ ಕಛೇರಿ

ಔಷಧಿ ಡಬ್ಬಿಯೊಳಗೆ ನಾಲ್ಕು ಮಡಿಕೆ ಮಾಡಿ ಒಂದು ಚೀಟಿ ಇಟ್ಟಿರುತ್ತಾರೆ. ಯಾವ ತೊಂದರೆಗೆ ಕೊಡಬೇಕು, ದಿನಕ್ಕೆ ಎಷ್ಟು ಸಲ, ಯಾರಿಗೆ ಕೊಡಬಾರದು, ಹೆಚ್ಚಾದರೆ ಏನಾಗುತ್ತದೆ, ಎಲ್ಲ ಅದರಲ್ಲಿರುತ್ತದೆ. ಯಾರೂ ಓದದ ಈ ಗದ್ಯವನ್ನೇ ಸಾಹಿತ್ಯವಾಗಿ ಇಟ್ಟುಕೊಂಡು, 18ನೇ ಶತಮಾನದ ಜರ್ಮನ್ ಸಂಯೋಜಕ ಬಾಖ್‌ನ ಕಾಲದ ಶೈಲಿಯಲ್ಲಿ ಒಂದು ಪೂರ್ತಿ ಕಂಟಾಟಾ (ಒಂಟಿ ಗಾಯಕರೂ ಮೇಳವೂ ವಾದ್ಯಗಳ ಜೊತೆ ಹಾಡುವ ದೊಡ್ಡ ಕೃತಿ) ಕಟ್ಟಿದವನು ಹೆರಾರ್ದೊ ಮಸಾನಾ, ಮುಂದೆ ಅರ್ಜೆಂಟೀನಾದ ಹಾಸ್ಯ ಸಂಗೀತ ತಂಡ 'ಲೆ ಲುತಿಯೆ' ಹುಟ್ಟುಹಾಕಿದವನು. ಬ್ಯೂನಸ್ ಐರಿಸ್‌ನ ವಾಸ್ತುಶಿಲ್ಪ ವಿದ್ಯಾರ್ಥಿ, ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗದ ವೃಂದಗಾನ ಮೇಳದಲ್ಲಿ ಹಾಡುತ್ತಿದ್ದವನು. ಚೀಟಿ 'ಮೊದಾತೋನ್' ಎಂಬ ಭೇದಿ ಔಷಧಿಯದ್ದು. 1965ರ ಸೆಪ್ಟೆಂಬರಿನಲ್ಲಿ, ಉತ್ತರ ಅರ್ಜೆಂಟೀನಾದ ತುಕುಮಾನ್ ನಗರದಲ್ಲಿ ನಡೆದ ವಿಶ್ವವಿದ್ಯಾಲಯ ಮೇಳಗಳ ಉತ್ಸವದಲ್ಲಿ ಗೆಳೆಯರು ಇದನ್ನು ಹಾಡಿದರು. ಸಭೆಯಲ್ಲಿ ಕೂತವರೆಲ್ಲ ವಾರಗಟ್ಟಲೆ ಬಾಖ್, ಪಲೆಸ್ತ್ರೀನಾ ಅಭ್ಯಾಸ ಮಾಡಿ ಬಂದ ಗಾಯಕರು. ನಗು ಕಟ್ಟೆ ಒಡೆಯಿತು. ಔಷಧಿ ಕಂಪನಿ ತಕರಾರು ತೆಗೆದೀತು ಎಂದು ಆಮೇಲೆ ಹೆಸರನ್ನು 'ಲಕ್ಸಾತೋನ್' ಎಂದು ಬದಲಿಸಿಕೊಂಡರು.

ಕೇಳಿದರೆ ಇದು ಕಾಲೇಜು ಹುಡುಗರ ಕೀಟಲೆ ಅನ್ನಿಸುತ್ತದೆ. ಸ್ವರಪ್ರಸ್ತಾರ ನೋಡಿದವರಿಗೆ ಹಾಗನ್ನಿಸುವುದಿಲ್ಲ. ಬರೋಕ್, ಅಂದರೆ ಬಾಖ್‌ನ ಕಾಲದ, ಕಂಟಾಟಾದಲ್ಲಿ ಮೂರು ಬಗೆಯ ಕೆಲಸ ಇರುತ್ತದೆ. ಮಾತಿನ ಧಾಟಿಯಲ್ಲಿ ಸಂಗತಿ ತಿಳಿಸುವ ರೆಸಿಟೇಟಿವ್, ಒಂದೇ ಭಾವವನ್ನು ತಿರುಗಿಸಿ ತಿರುಗಿಸಿ ಹಾಡುವ ಏರಿಯಾ, ಕೊನೆಗೆ ಎಲ್ಲರೂ ಸೇರಿ ಹೇಳುವ ಕೋರಾಲ್. ಔಷಧಿ ಚೀಟಿಯಲ್ಲೂ ಹೆಚ್ಚುಕಡಿಮೆ ಅದೇ ಜೋಡಣೆ ಸಿದ್ಧವಾಗಿ ಕೂತಿದೆ. ಲಕ್ಷಣಗಳ ವಿವರಣೆ ರೆಸಿಟೇಟಿವ್‌ಗೆ ಒಗ್ಗುತ್ತದೆ. ರೋಗಿಯ ಸಂಕಟಕ್ಕೆ ಏರಿಯಾ ಬೇಕು. ಪ್ರಮಾಣ ಮತ್ತು ಎಚ್ಚರಿಕೆಗಳನ್ನು ಮೇಳ ಗಂಭೀರವಾಗಿ ಸಾರಬಹುದು. ಒಂದು ಪದ ತಿದ್ದಬೇಕಿಲ್ಲ. ಹಾಡುವವರು ಒಂದು ಕಡೆಯಾದರೂ ಕಣ್ಣು ಮಿಟುಕಿಸಿದರೆ, ಬೇಕೆಂದೇ ಅಪಸ್ವರ ಹಾಡಿದರೆ, ಆಟ ಅಲ್ಲಿಗೇ ಮುಗಿಯಿತು. ಶ್ರದ್ಧೆ ಹೆಚ್ಚಿದಷ್ಟೂ ನಗು ಹೆಚ್ಚುತ್ತದೆ. ಮುಂದೆ 'ಲೆ ಲುತಿಯೆ' ಎಂಬ ಹೆಸರಲ್ಲಿ 1967ರಿಂದ 2023ರ ತನಕ ನಡೆದ ಈ ತಂಡ ಎಷ್ಟೆಲ್ಲ ಬದಲಾದರೂ ಈ ಒಂದು ಕಟ್ಟುಪಾಡನ್ನು ಮುರಿಯಲಿಲ್ಲ: ಮೊದಲು ರಚನೆ ರಚನೆಯಾಗಿ ನಿಲ್ಲಬೇಕು, ಹಾಸ್ಯ ಅದರ ಮೇಲೆ ಕೂರಬೇಕು.

ತುಕುಮಾನ್‌ನಿಂದ ಬಂದ ಮೇಲೆ ಗೆಳೆಯರ ಗುಂಪಿಗೆ 'ಇ ಮುಸಿಚಿಸ್ತಿ' ಎಂಬ ಇಟಾಲಿಯನ್ ಹೆಸರು ಬಂತು. 1967ರಲ್ಲಿ ಬ್ಯೂನಸ್ ಐರಿಸ್‌ನ ದಿ ತೆಲ್ಲಾ ಸಂಸ್ಥೆಯಲ್ಲಿ, ಅಂದರೆ ಆ ಕಾಲದ ಹೊಸ ಕಲೆಯ ಅಡ್ಡಾದಲ್ಲೇ, ಪ್ರದರ್ಶನ ಕೊಟ್ಟರು. ಟಿಕೆಟ್ ದುಡ್ಡು ಬರಲು ಶುರುವಾದದ್ದೇ ಜಗಳವೂ ಬಂತು. ಸಂಗೀತ ಬರೆದು, ವಾದ್ಯವನ್ನೂ ಮಾಡಿದವನಿಗೆ ಬರಿ ಹಾಡಿದವನಷ್ಟೇ ಪಾಲೇ ಎಂಬುದು ಮಸಾನಾನ ಪ್ರಶ್ನೆ. ಗುಂಪು ಒಪ್ಪಲಿಲ್ಲ. ಆತ ಹೊರಬಂದ. ಜೊತೆಗೆ ಬಂದವರು ಮೂವರು: ಮಾರ್ಕೋಸ್ ಮುಂಡ್‌ಸ್ಟಾಕ್, ದಾನಿಯೆಲ್ ರಬಿನೊವಿಚ್, ಹೋರ್ಹೆ ಮರೋನಾ. 1967ರ ಸೆಪ್ಟೆಂಬರ್ 4ರಂದು ಹೊಸ ತಂಡ ಹುಟ್ಟಿತು. ಫ್ರೆಂಚಿನಲ್ಲಿ ಲುತಿಯೆ ಎಂದರೆ ತಂತಿವಾದ್ಯ ಮಾಡುವವನು. ಹೆಸರಲ್ಲೇ ಕಸುಬು ಇತ್ತು. ಸ್ವಲ್ಪ ದಿನಗಳಲ್ಲಿ ಪಿಯಾನೊ ನುಡಿಸುವ ಕಾರ್ಲೋಸ್ ನೂನ್ಯೆಸ್ ಕೊರ್ತೇಸ್, ಪಿಟೀಲಿಗೆ ಕಾರ್ಲೋಸ್ ಲೋಪೆಸ್ ಪುಚಿಯೊ, 1971ರಲ್ಲಿ ಎರ್ನೆಸ್ತೊ ಆಚೆರ್ ಸೇರಿ ಏಳು ಮಂದಿಯಾದರು.

ಇವರ ಓದು, ಉದ್ಯೋಗ ಗಮನಿಸಬೇಕಾದದ್ದು. ಮಸಾನಾ, ಆಚೆರ್ ವಾಸ್ತುಶಿಲ್ಪದವರು. ನೂನ್ಯೆಸ್ ರಸಾಯನಶಾಸ್ತ್ರದವನು. ರಬಿನೊವಿಚ್ ನೋಟರಿ. ಮುಂಡ್‌ಸ್ಟಾಕ್ ರೇಡಿಯೊ ಉದ್ಘೋಷಕ, ಜಾಹೀರಾತಿಗೆ ಬರೆಯುತ್ತಿದ್ದವನು. ಸಂಗೀತದಲ್ಲೇ ಪದವಿ ಪಡೆದವನು ಲೋಪೆಸ್ ಪುಚಿಯೊ. ವಾದ್ಯಮೇಳ ನಿರ್ದೇಶನ ಕಲಿತು, ತಂಡದ ಜೊತೆಜೊತೆಗೇ ಗಂಭೀರ ವೃಂದಗಾನ ಮೇಳವೊಂದನ್ನೂ ನಡೆಸಿದ. ಹವ್ಯಾಸಿಗಳಾಗಿ ಶುರುವಾದ ಈ ಗುಂಪು ಹವ್ಯಾಸಿ ಹಾಡುಗಾರಿಕೆಗೆ ತೃಪ್ತಿಪಡಲಿಲ್ಲ.

1960ರ ದಶಕದ ಕೊನೆಯಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕಫೆ-ಕನ್ಸರ್ಟ್‌ಗಳ ಭರಾಟೆ. ಯೂರೋಪಿನ ಕ್ಯಾಬರೆಯ ಅರ್ಜೆಂಟೀನಾ ಅವತಾರ ಅದು. ಸಣ್ಣ ಕೋಣೆ, ಮೇಜುಗಳು, ಕೈಯಲ್ಲಿ ಗ್ಲಾಸು, ಮೂರು ಅಡಿ ದೂರದಲ್ಲಿ ನಟ. ಅಂಥ ಜಾಗದಲ್ಲಿ ಸಾಮಾನ್ಯವಾಗಿ ನಡೆಯುವುದು ಪ್ರೇಕ್ಷಕರ ಜೊತೆ ಸಲಿಗೆ, ಆ ವಾರದ ರಾಜಕೀಯದ ಮೇಲೆ ಚುಚ್ಚುಮಾತು. ಲೆ ಲುತಿಯೆ ತದ್ವಿರುದ್ಧ ಮಾಡಿದರು. ಕರಿ ಸೂಟು, ಬೋ ಟೈ ಹಾಕಿಕೊಂಡು ಬಂದರು; ಪ್ರೇಕ್ಷಕರನ್ನು ಛೇಡಿಸಲಿಲ್ಲ; ಶಾಸ್ತ್ರೀಯ ಸಂಗೀತ ಸಭೆಯ ಶಿಷ್ಟಾಚಾರವನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದರು. ವಾರದ ಸುದ್ದಿ ನೆಚ್ಚಿಕೊಂಡ ಹಾಸ್ಯ ವಾರಕ್ಕೇ ಹಳಸುತ್ತದೆ. ಇವರ 1970ರ ದಶಕದ ಬಹುಪಾಲು ಕೃತಿಗಳು ಇಂದಿಗೂ ನಗಿಸುವುದಕ್ಕೆ ಇದೇ ದೊಡ್ಡ ಕಾರಣ.

ಶಿಷ್ಟಾಚಾರದ ಮೊದಲ ಅಂಗ ಪರಿಚಯ ಭಾಷಣ. ಮುಂಡ್‌ಸ್ಟಾಕ್ ಕೆಂಪು ಫೋಲ್ಡರ್ ಹಿಡಿದು ಮೈಕಿನ ಮುಂದೆ ಬರುತ್ತಾನೆ, ಆಕಾಶವಾಣಿಯ ಸಂಗೀತ ಸಮ್ಮೇಳನ ಕೇಳಿದವರಿಗೆ ತಟ್ಟನೆ ಗುರುತು ಸಿಗುವಂಥ ಘನವಾದ ಕಂಠದಲ್ಲಿ ಸಂಯೋಜಕನ ಬಗ್ಗೆ ಓದುತ್ತಾನೆ. ಸಂಯೋಜಕನ ಹೆಸರು ಯೋಹಾನ್ ಸೆಬಾಸ್ಟಿಯನ್ ಮಾಸ್ತ್ರೊಪಿಯೆರೊ. ಇಂಥವನೊಬ್ಬ ಹುಟ್ಟಿಯೇ ಇಲ್ಲ. ಆದರೆ ಕೃತಿಚೌರ್ಯ ಮಾಡಿದ, ಸಾಲ ಮಾಡಿದ, ಕೌಂಟೆಸ್ ಶಾರ್ಟ್‌ಶಾಟ್ ಎಂಬ ಸಿರಿವಂತೆಯ ಜೊತೆ ಸಂಬಂಧ ಇಟ್ಟುಕೊಂಡ, ಅವನಿಗೆ ಹೆರಾಲ್ಡ್ ಎಂಬ ಅವಳಿ ಸೋದರ ಇದ್ದ, ಅವನು ಗ್ಯಾಂಗ್‌ಸ್ಟರ್. ದಶಕಗಳ ಉದ್ದಕ್ಕೂ ಪ್ರತಿ ಪ್ರದರ್ಶನದಲ್ಲಿ ಈ ಜೀವನಚರಿತ್ರೆಗೆ ನಾಲ್ಕು ಸಾಲು ಸೇರುತ್ತಾ ಹೋಯಿತು.

ಈ ಭಾಷಣದ ಕೆಲಸ ಬರಿ ನಗಿಸುವುದಷ್ಟೇ ಅಲ್ಲ. ಹಾಡು ಶುರುವಾದ ಮೇಲೆ ಕೇಳುಗ ಏನನ್ನು ಗಮನಿಸಬೇಕು ಎಂಬುದನ್ನು ಅವನಿಗೆ ಗೊತ್ತಾಗದ ಹಾಗೆ ಹೇಳಿಕೊಡುವುದು ಅಲ್ಲೇ. ಮ್ಯಾಡ್ರಿಗಲ್ (ಹಲವು ಕಂಠಗಳು ಸೇರಿ ಹಾಡುವ ಹಳೆಯ ಯೂರೋಪಿನ ಹಾಡು) ಎಂದರೇನೆಂದು ಗೊತ್ತಿಲ್ಲದವನಿಗೆ ಮ್ಯಾಡ್ರಿಗಲ್‌ನ ಅಣಕ ಅರ್ಥವಾಗುವುದಿಲ್ಲ. ಹಾಗೆಂದು ಪಾಠ ಮಾಡುತ್ತ ಕೂತರೆ ಸಭೆ ಆಕಳಿಸುತ್ತದೆ. ಮಾಸ್ತ್ರೊಪಿಯೆರೊನ ಪಾಡು ಹೇಳುವ ನೆಪದಲ್ಲಿ ಆ ಪ್ರಕಾರ ಯಾವುದು, ಯಾವ ಕಾಲದ್ದು, ಅದರಲ್ಲಿ ಏನು ಇರಬೇಕಿತ್ತು, ಇವನು ಎಲ್ಲಿ ಕೆಡಿಸಿದ ಎಂಬುದು ನುಸುಳಿಬಿಡುತ್ತದೆ. ಹಾಡು ಶುರುವಾಗುವ ಹೊತ್ತಿಗೆ ಕಿವಿ ತಯಾರು. ರಬಿನೊವಿಚ್‌ನದು ಇದರ ಉಲ್ಟಾ ಪಾತ್ರ. ಅದೇ ಬಗೆಯ ಬರಹವನ್ನು ಅವನ ಕೈಗೆ ಕೊಟ್ಟರೆ ಪದಗಳನ್ನು ತಪ್ಪಾಗಿ ಒಡೆದು, ಅಲ್ಪವಿರಾಮ ಇಲ್ಲದ ಕಡೆ ನಿಂತು, ಇನ್ನೇನೋ ಅರ್ಥ ಹೊರಡಿಸುತ್ತಿದ್ದ. ಮುಂಡ್‌ಸ್ಟಾಕ್ ಪಕ್ಕದಲ್ಲಿ ನಿಂತು ತಿದ್ದಲು ಹೋಗಿ ಸೋಲುವುದು. ಒಬ್ಬ ವಿದ್ವಾಂಸ, ಒಬ್ಬ ಪೆದ್ದ ಎಂಬ ಹಳೆಯ ಜೋಡಿಯೇ. ಇಬ್ಬರ ಸಮಯಪ್ರಜ್ಞೆ ಮಾತ್ರ ಅಪರೂಪದ್ದು.

ಹಾಸ್ಯ ಸಂಗೀತದಲ್ಲಿ ಎರಡು ದಾರಿ ಇವೆ. ಜನಕ್ಕೆ ಗೊತ್ತಿರುವ ಧಾಟಿ ಎತ್ತಿಕೊಂಡು ಬೇರೆ ಮಾತು ತುಂಬುವುದು ಒಂದು. ನಮ್ಮಲ್ಲಿ ಟಿ.ಪಿ. ಕೈಲಾಸಂ ಇದರಲ್ಲಿ ಪಳಗಿದವರು. ಮೊದಲ ಮಹಾಯುದ್ಧದ ಇಂಗ್ಲಿಷ್ ಸೈನಿಕರ ಟಿಪ್ಪರರಿ ಹಾಡು ಅವರ ಕೈಯಲ್ಲಿ ತಿಪ್ಪಾರಳ್ಳಿಯದಾಯಿತು. ಈ ದಾರಿಯಲ್ಲಿ ಮೂಲ ಧಾಟಿ ಗೊತ್ತಿರಲೇಬೇಕು. ಲೆ ಲುತಿಯೆ ಹೆಚ್ಚಾಗಿ ಹಿಡಿದದ್ದು ಎರಡನೆಯದನ್ನು. ಯಾವುದೇ ಒಂದು ಹಾಡನ್ನಲ್ಲ, ಒಂದು ಪ್ರಕಾರವನ್ನೇ ಎತ್ತಿಕೊಳ್ಳುವುದು. ಲ್ಯಾಟಿನ್ ಅಮೆರಿಕದ ಪ್ರೇಮಗೀತೆ ಬೊಲೆರೊ ಹೇಗಿರುತ್ತದೋ, ಒಪೆರಾ ಹೇಗಿರುತ್ತದೋ, ದಂಡಿನ ಕವಾಯತು ಹಾಡು ಹೇಗಿರುತ್ತದೋ ಹಾಗೇ ಹೊಸತಾಗಿ ಬರೆಯುವುದು. ಕೆಲಸ ಹತ್ತು ಪಟ್ಟು. ಆದರೆ ಫಲ ಇದೆ: ಮೂಲ ಹಾಡು ಮರೆತುಹೋದರೆ ಮೊದಲ ಬಗೆಯ ಅಣಕಕ್ಕೆ ನೆಲೆ ತಪ್ಪುತ್ತದೆ, ಪ್ರಕಾರಗಳು ಅಷ್ಟು ಬೇಗ ಸಾಯುವುದಿಲ್ಲ.

ಸ್ಪ್ಯಾನಿಷ್ ಬಾರದ ಕನ್ನಡಿಗರು ಇವರನ್ನು ಎಲ್ಲಿಂದ ಶುರು ಮಾಡಬೇಕು ಎಂದರೆ ಥೇಲ್ಸ್‌ನ ಪ್ರಮೇಯದಿಂದ. ನಮ್ಮ ಹತ್ತನೆಯ ತರಗತಿಯ ರೇಖಾಗಣಿತದಲ್ಲಿ ಬರುತ್ತದಲ್ಲ, ಅದೇ. ಮೂರು ಅಥವಾ ಹೆಚ್ಚು ಸಮಾಂತರ ರೇಖೆಗಳನ್ನು ಎರಡು ಛೇದಕಗಳು ಕತ್ತರಿಸಿದರೆ ಒಂದರ ಖಂಡಗಳು ಇನ್ನೊಂದರ ಖಂಡಗಳಿಗೆ ಅನುಪಾತದಲ್ಲಿರುತ್ತವೆ ಎಂಬ ಹೇಳಿಕೆಯನ್ನು ಪಠ್ಯಪುಸ್ತಕದ ಭಾಷೆಯಲ್ಲೇ ಮೇಳಕ್ಕೆ ಕೂರಿಸಿದ್ದಾರೆ. ರೇಖಾಖಂಡಗಳ ಅಕ್ಷರಗಳನ್ನು ಹಾಡುವಾಗ ಸಂಗೀತ ಪ್ರೇಮಗೀತೆಯ ಹಾಗೆ ಕರಗುತ್ತದೆ. ಮಾಸ್ತ್ರೊಪಿಯೆರೊ ಇದನ್ನು ಕೌಂಟೆಸ್‌ಗೆ ಅರ್ಪಿಸಿದ್ದಾನಂತೆ. ಭಾಷೆ ತಿಳಿಯಬೇಕಿಲ್ಲ, ಪ್ರಮೇಯ ಕಂಠಪಾಠ ಮಾಡಿದ ನೆನಪು ಸಾಕು.

ಮಾತಿನ ಹಾಸ್ಯಗಾರನಿಗೆ ಒಂದು ಅನುಕೂಲ ಇದೆ, ಸಭೆ ನಗುತ್ತಿದ್ದರೆ ಅವನು ಸುಮ್ಮನೆ ನಿಂತು ಕಾಯಬಹುದು. ಸಂಗೀತ ಕಾಯುವುದಿಲ್ಲ. ಮುಂದಿನ ಸಾಲು ತಾಳಕ್ಕೆ ಬಿದ್ದೇ ಬೀಳುತ್ತದೆ, ನಗುವಿನಲ್ಲಿ ಮುಳುಗುತ್ತದೆ, ಅದರಲ್ಲಿದ್ದ ನಗೆ ಯಾರಿಗೂ ಕೇಳದೆ ಸತ್ತುಹೋಗುತ್ತದೆ. ಹಾಡು ಕಟ್ಟುವವರು ಹೆಚ್ಚಾಗಿ ಎಡವುವುದು ಇಲ್ಲೇ. ಸಾಲಿಗೊಂದು ನಗೆ ತುರುಕುತ್ತಾರೆ. ಪಳಗಿದವರು ನಗೆಯ ಪದವನ್ನು ಸಾಲಿನ ಕಟ್ಟಕಡೆಗೆ ತಂದು, ಅದರ ಬೆನ್ನಿಗೆ ಎರಡೋ ನಾಲ್ಕೋ ಆವರ್ತ ಬರಿ ವಾದ್ಯಕ್ಕೆ ಬಿಡುತ್ತಾರೆ. ನಗು ಜೋರಾದರೆ ಆ ಆವರ್ತವನ್ನೇ ಇನ್ನೊಂದು ಸುತ್ತು ಹಾಕಬಹುದು, ತಣ್ಣಗಿದ್ದರೆ ನೇರ ಮುಂದಕ್ಕೆ. ಅದಕ್ಕೆ ಪಿಯಾನೊದವನ ಕಿವಿ ಸಭೆಯ ಕಡೆಗಿರಬೇಕು. ತಪ್ಪು ಸ್ವರದ ನಗೆಗೂ ಲೆಕ್ಕ ಇದೆ. ಒಂದು ಸಂಚಾರ ಎರಡು ಸಲ ಸರಿಯಾಗಿ ಬಂದು ಕಿವಿಗೆ ರೂಢಿಯಾದ ಮೇಲೆ ಮೂರನೆಯ ಸಲ ಜಾರಿದರೆ ಮಾತ್ರ ಅದು ನಗೆ. ಮೊದಲ ಸಲವೇ ಜಾರಿದರೆ ಕೇಳುಗ ಅಂದುಕೊಳ್ಳುವುದು ಒಂದೇ, ಇವನಿಗೆ ಬರುವುದಿಲ್ಲ ಎಂದು.

ಇನ್ನು ವಾದ್ಯಗಳು. ಈ ತಂಡವನ್ನು ಬೇರೆ ಹಾಸ್ಯಮೇಳಗಳಿಂದ ಬೇರ್ಪಡಿಸುವುದು ಇವೇ. ಕೊಳಾಯಿ ಪೈಪು, ತಗಡಿನ ಡಬ್ಬಿ, ಟೈಪ್‌ರೈಟರ್, ಬಚ್ಚಲು ಸಾಮಾನುಗಳಿಂದ ಮಾಡಿದ ಇವು ನೋಡಿದೊಡನೆ ನಗು ತರಿಸುತ್ತವೆ. ಆ ನಗು ಹತ್ತು ಸೆಕೆಂಡಿನದು. ಹನ್ನೊಂದನೆಯ ಸೆಕೆಂಡಿಗೆ ವಾದ್ಯ ಶ್ರುತಿಯಲ್ಲಿ ನುಡಿಯಬೇಕು, ಇಲ್ಲದಿದ್ದರೆ ಅದು ಸರ್ಕಸ್ ಸಾಮಾನು ಅಷ್ಟೇ.

ಎಲ್ಲಕ್ಕಿಂತ ಸರಳವಾದದ್ದು ಗೊಮ್-ಹಾರ್ನ್. ಭಾಗ ಮೂರೇ: ರಬ್ಬರ್ ಪೈಪು, ಒಂದು ತುದಿಗೆ ಟ್ರಂಪೆಟ್‌ನ ಮೌತ್‌ಪೀಸ್, ಇನ್ನೊಂದು ತುದಿಗೆ ಆಲಿಕೆ. ಮನೆಯಲ್ಲೇ ಮಾಡಿ ನೋಡಬಹುದು. ತೋಟಕ್ಕೆ ನೀರು ಬಿಡುವ, ಒಳವ್ಯಾಸ 12 ಮಿ.ಮೀ. ಆಸುಪಾಸಿನ ಪೈಪು ಸುಮಾರು ಒಂದೂವರೆ ಮೀಟರ್ ಇದ್ದರೆ ಟ್ರಂಪೆಟ್‌ನ ಎತ್ತರಕ್ಕೇ ಬರುತ್ತದೆ. ಆಲಿಕೆ ಅಲಂಕಾರಕ್ಕೆಂದು ತಿಳಿದು ಬಿಟ್ಟರೆ ಕೆಡುತ್ತದೆ. ತುಟಿ ಒತ್ತಿದ ತುದಿ ಮುಚ್ಚಿದ ಲೆಕ್ಕ, ಹಾಗಾಗಿ ಬರಿ ಪೈಪು 1, 3, 5 ಹೀಗೆ ಬೆಸ ಸಂಖ್ಯೆಯ ಅನುಸ್ವರಗಳನ್ನೇ (ಮೂಲ ಕಂಪನದ ಅಷ್ಟಷ್ಟು ಪಟ್ಟಿನ ಸ್ವರಗಳನ್ನೇ) ಕೊಡುತ್ತದೆ, ನಡುವೆ ದೊಡ್ಡ ದೊಡ್ಡ ಕಂದಕ. ಮೌತ್‌ಪೀಸಿನ ಬಟ್ಟಲೂ ಆಲಿಕೆಯ ಅಗಲವೂ ಸೇರಿ ಈ ಸ್ವರಗಳನ್ನು ಎಳೆದು ಸರಿಸುಮಾರು ಪೂರ್ತಿ ಸರಣಿಗೆ ತರುತ್ತವೆ. ಆಗ ಕೆಳಗಿನಿಂದ ಸ, ಪ, ಸ, ಅಂತರ ಗಾಂಧಾರ, ಪ, ಕೊಂಚ ತಗ್ಗಿದ ಕೈಶಿಕಿ ನಿಷಾದ, ಮತ್ತೆ ಸ ಸಿಗುತ್ತವೆ. ರಿ, ಮ, ಧ ಇಲ್ಲ. ಹಾಗಾಗಿ ಈ ವಾದ್ಯಕ್ಕೆ ಬರೆಯುವವನು ಕಹಳೆಯ ಕೂಗಿನಂಥ ಸಂಚಾರಗಳನ್ನೇ ಬರೆಯಬೇಕು. ಉಳಿದ ಸ್ವರ ಬೇಕೆಂದರೆ ಪಿಸ್ಟನ್ ಜೋಡಿಸಿ ಪೈಪಿನ ಉದ್ದ ಹೆಚ್ಚುಕಡಿಮೆ ಮಾಡಬೇಕು, ಅರ್ಧ ಸ್ವರ ಇಳಿಸಲು ಸುಮಾರು ನೂರಕ್ಕೆ ಆರರಷ್ಟು ಉದ್ದ. ತಂಡದ ಬಳಿ ಪಿಸ್ಟನ್ ಇರುವ ಗೊಮ್-ಹಾರ್ನೂ ಇತ್ತು, ತಲೆಗೆ ಹಾಕಿಕೊಳ್ಳುವಂಥದ್ದೂ ಇತ್ತು. ಕೈಕೊಡುವ ಜಾಗಗಳು ಎರಡು. ಮೌತ್‌ಪೀಸ್ ಕೂಡುವಲ್ಲಿ ಗಾಳಿ ಸೋರಿದರೆ ಮೇಲಿನ ಸ್ವರ ಹಿಡಿಯಲು ಸಿಗುವುದಿಲ್ಲ. ಪೈಪು ಎಲ್ಲಾದರೂ ಚಪ್ಪಟೆಯಾಗಿ ಮಡಿದರೆ ಸ್ವರ ಪೂರ್ತಿ ಬೇರೆ ಕಡೆ ಹೋಗುತ್ತದೆ.

ಮಸಾನಾ ಮಾಡಿದ ಮೊದಮೊದಲ ವಾದ್ಯಗಳಲ್ಲಿ ದೈತ್ಯ ಎಂದರೆ ಬಾಸ್-ಪೈಪ್. ಕಸಕ್ಕೆ ಎಸೆದಿದ್ದ ದಪ್ಪ ರಟ್ಟಿನ ಕೊಳವೆಗಳನ್ನು ಒಂದರೊಳಗೊಂದು ಜಾರುವಂತೆ ಕೂಡಿಸಿ, ಚಕ್ರದ ಗಾಡಿಯ ಮೇಲೆ ಇಟ್ಟದ್ದು. ಟ್ರಾಂಬೋನ್‌ನ ತತ್ವವೇ, ಎಳೆದರೆ ಸ್ವರ ಇಳಿಯುತ್ತದೆ, ತಳ್ಳಿದರೆ ಏರುತ್ತದೆ. ರಬಿನೊವಿಚ್ ಇದರ ವಾದಕ. ರಟ್ಟಿಗೆ ಉಸಿರಿನ ತೇವ ಆಗದು, ಒಳಗೆ ವಾರ್ನಿಷ್ ಬಳಿಯದೆ ಇಂಥದ್ದನ್ನು ದಿನಾ ಊದಿದರೆ ಮೆತ್ತಗಾಗುತ್ತದೆ. ಜಾರುವ ಕೊಳವೆಗಳ ನಡುವಿನ ಸಂದು ಹೆಚ್ಚಾದರೆ ಗಾಳಿ ಸೋರಿಕೆ, ಕಡಿಮೆಯಾದರೆ ಒಂದು ಮಳೆಗಾಲಕ್ಕೆ ರಟ್ಟು ಉಬ್ಬಿ ಜಾಮು.

ತಗಡಿನ ಡಬ್ಬಿಯ ಪಿಟೀಲಿಗೆ 'ಲತೀನ್' ಎಂದು ಹೆಸರು. ಅದರ ಅಣ್ಣ 'ವಿಯೊಲಾತಾ', ಇನ್ನೂ ದೊಡ್ಡದು 'ಚೆಲಾತೊ'. ತಗಡಿನ ಪಿಟೀಲು ಮಾಡಹೊರಟವರಿಗೆ ತಗಡಿನ ಕರ್ಕಶ ದನಿಗಿಂತ ಮೊದಲು ಎದುರಾಗುವ ತೊಂದರೆ ಬೇರೆ. ಪಿಟೀಲಿನ ನಾಲ್ಕು ತಂತಿಗಳ ಒಟ್ಟು ಎಳೆತ ಇಪ್ಪತ್ತು ಕಿಲೋ ದಾಟುತ್ತದೆ, ಕುದುರೆಯ ಮೂಲಕ ಮೇಲ್ಪದರದ ಮೇಲೆ ಬೀಳುವ ಭಾರ ಸುಮಾರು 8–9 ಕಿಲೋ. ಮರದ ಪಿಟೀಲಿನಲ್ಲಿ ಕಮಾನಾಗಿ ಕೆತ್ತಿದ ಮೇಲ್ಪದರ ಮತ್ತು ಒಳಗಿನ ಕಂಬ ಇದನ್ನು ತಡೆದುಕೊಳ್ಳುತ್ತವೆ. ಡಬ್ಬಿಯ ಚಪ್ಪಟೆ ಮುಚ್ಚಳ ತಗ್ಗಿಬಿಡುತ್ತದೆ, ತಗ್ಗಿದಂತೆ ತಂತಿ ಸಡಿಲ, ನುಡಿಸುತ್ತಿರುವಾಗಲೇ ಶ್ರುತಿ ಇಳಿಯುತ್ತದೆ. ಕುತ್ತಿಗೆಯಿಂದ ಬಾಲದ ತನಕ ಡಬ್ಬಿಯೊಳಗೆ ಒಂದೇ ಮರದ ಪಟ್ಟಿ ಹಾಯಿಸಿ ಎಳೆತವನ್ನೆಲ್ಲ ಅದಕ್ಕೆ ಕೊಡುವುದೇ ದಾರಿ. ಆಗ ತಗಡು ದನಿ ಕೊಡುವ ಕೆಲಸ ಮಾತ್ರ ಮಾಡುತ್ತದೆ.

ನೂನ್ಯೆಸ್‌ನ ತುಬೋಫೊನೊದಲ್ಲಿ ರಸಾಯನಶಾಸ್ತ್ರದವನ ಕೈ ಎದ್ದು ಕಾಣುತ್ತದೆ. ಪ್ರಯೋಗಶಾಲೆಯ ಗಾಜಿನ ನಳಿಕೆಗಳ ಸಾಲು, ಒಂದೊಂದರ ತಳಕ್ಕೂ ಬೇರೆ ಬೇರೆ ಎತ್ತರಕ್ಕೆ ಸಿಲಿಕೋನ್. ಬಾಯಂಚಿಗೆ ತುಟಿ ತಂದು ಊದುವುದು. ಒಂದು ತುದಿ ಮುಚ್ಚಿದ ನಳಿಕೆಯ ಲೆಕ್ಕ ಸುಲಭ: ಶಬ್ದದ ವೇಗವನ್ನು ಸ್ವರದ ಕಂಪನದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಉದ್ದ. 440 ಕಂಪನಕ್ಕೆ ಹತ್ತಿರಹತ್ತಿರ 19.5 ಸೆಂ.ಮೀ., ಅದರಲ್ಲಿ ಬಾಯಿಯ ತುದಿಗೆಂದು ಕೆಲವು ಮಿ.ಮೀ. ಕಳೆಯಬೇಕು. ಮೇಲಿನ ಸ್ಥಾಯಿಗೆ ಹೋದಂತೆ ನಳಿಕೆ ಗಿಡ್ಡವಾಗುತ್ತದೆ, ತಪ್ಪಿಗೆ ಜಾಗ ಕಿರಿದಾಗುತ್ತದೆ. 33 ಸೆಂ.ಮೀ. ನಳಿಕೆಯಲ್ಲಿ ಒಂದು ಮಿ.ಮೀ. ತಪ್ಪಿದರೆ ಅರ್ಧ ಸ್ವರದ ಇಪ್ಪತ್ತನೇ ಒಂದು ಭಾಗ, ಯಾರಿಗೂ ಗೊತ್ತಾಗದು. 8 ಸೆಂ.ಮೀ. ನಳಿಕೆಯಲ್ಲಿ ಅದೇ ಒಂದು ಮಿ.ಮೀ. ಅರ್ಧ ಸ್ವರದ ಐದನೇ ಒಂದು ಭಾಗ ಆಗುತ್ತದೆ, ಕೂತ ಎಲ್ಲರಿಗೂ ಕೇಳುತ್ತದೆ. ಜೊತೆಗೆ ಬಿಸಿ ಉಸಿರು. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಅರ್ಧ ಸ್ವರದ ನೂರಕ್ಕೆ ಮೂರರಷ್ಟು ಶ್ರುತಿ ಏರುತ್ತದೆ. ಪಿಯಾನೊ ಜೊತೆ ನುಡಿಸಬೇಕಾದ ವಾದ್ಯವನ್ನು ತಣ್ಣಗಿರುವಾಗ ಪಿಯಾನೊಗೆ ಸರಿಹೊಂದಿಸಿದರೆ ಎರಡನೇ ನಿಮಿಷಕ್ಕೆ ಜಗಳ ಶುರು.

ಟೈಪ್‌ರೈಟರಿನ ಕೀಲಿ ಒತ್ತಿದರೆ ಲೋಹದ ಕೊಳವೆ ಬಾರಿಸುವ ದಾಕ್ತಿಲೋಫೊನೊ ಇನ್ನೊಂದು. ಬಡಿದು ನುಡಿಸುವ ಕೊಳವೆಗೆ ಊದುವ ಕೊಳವೆಯ ಲೆಕ್ಕ ನಡೆಯದು. ಇಲ್ಲಿ ಉದ್ದದ ವರ್ಗ ಮುಖ್ಯ. 30 ಸೆಂ.ಮೀ. ಕೊಳವೆಯ ಮೇಲಿನ ಷಡ್ಜ ಬೇಕೆಂದರೆ 15ಕ್ಕೆ ಕತ್ತರಿಸಿದವನು ಕೆಟ್ಟ, ಎರಡು ಸ್ಥಾಯಿ ಮೇಲೆ ಹೋಗುತ್ತದೆ. ಬೇಕಾದದ್ದು 21.2. ಕಟ್ಟುವ ಜಾಗವೂ ನಿಗದಿ, ತುದಿಯಿಂದ ಉದ್ದದ ನೂರಕ್ಕೆ 22.4 ಭಾಗದಲ್ಲಿ. ಬೇರೆಲ್ಲಿ ಕಟ್ಟಿದರೂ ದನಿ ಠಪ್ಪೆಂದು ಸಾಯುತ್ತದೆ. ಟೈಪ್‌ರೈಟರನ್ನೇ ಏಕೆ ಹಿಡಿದರು? ಅದು ನುಡಿಸುವವನ ಭಂಗಿಗಾಗಿ. ಕಚೇರಿಯ ಗುಮಾಸ್ತ ಕೂತು ಕಾಗದ ಹೊಡೆಯುತ್ತಿದ್ದಾನೆ, ಹೊರಡುತ್ತಿರುವುದು ಮಾತ್ರ ಹಾಡು.

1973ರ ನವೆಂಬರಿನಲ್ಲಿ ಮಸಾನಾ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. ವಯಸ್ಸು 36. ತಂಡ ಕಟ್ಟಿದವನೂ ವಾದ್ಯ ಮಾಡುವವನೂ ಒಬ್ಬನೇ ಆಗಿದ್ದರಿಂದ ಅಲ್ಲಿಗೇ ಮುಗಿಯಬಹುದಿತ್ತು. ವಾದ್ಯಗಳ ಹೊಣೆ ಹೊತ್ತವನು ಕಾರ್ಲೋಸ್ ಇರಾಲ್ದಿ, ವೃತ್ತಿಯಲ್ಲಿ ಮನೋವಿಶ್ಲೇಷಕ ವೈದ್ಯ. ಅವನ ಕೈಯಲ್ಲಿ ವಾದ್ಯಗಳು ಕಸದಿಂದ ಯಂತ್ರದ ಕಡೆಗೆ ಹೊರಳಿದವು. ಸೈಕಲ್ಲಿನ ಹಿಂಗಾಲಿ ತಿರುಗಿ ಮ್ಯಾಂಡೊಲಿನ್ ತಂತಿ ಮೀಟುವ ಮಂದೊಕ್ಲೇತಾ ಅವನದು. ಬೆನ್ನಿಗೆ ಹೊತ್ತ ಆರ್ಗನ್‌ಗೆ ನಡೆಯುವವನ ಬೂಟಿನಲ್ಲಿರುವ ತಿದಿಗಳಿಂದ ಗಾಳಿ ಹಾಯುವ ವಾದ್ಯವೂ ಬಂತು. ನಡೆದರೆ ಮಾತ್ರ ಸ್ವರ, ನಿಂತರೆ ಮೌನ. ನಗೆ ವಾದ್ಯದ ಒಳಗೇ ಇತ್ತು, ಬೇರೆ ಬರೆಯಬೇಕಿರಲಿಲ್ಲ. ಅತಿ ಮಹತ್ವಾಕಾಂಕ್ಷೆಯದ್ದು 1979ರ ಅಂತೆನೋರ್, ದೂರದಿಂದ ನಡೆಸುವ, ತಾನೇ ನುಡಿಸುವ ರೋಬೊ. ವೇದಿಕೆಯಲ್ಲಿ ಅದು ಹೆಚ್ಚು ಕಾಲ ಉಳಿಯಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಪೈಪಿನ ಕಹಳೆ ಕೈಕೊಟ್ಟರೆ ಇನ್ನೊಂದು ಪೈಪು ಕತ್ತರಿಸಬಹುದು, ನುಡಿಸುವವನು ಅದರಲ್ಲೇ ಒಂದು ನಗೆ ಹುಟ್ಟಿಸಲೂಬಹುದು. ರೋಬೊ ನಿಂತುಹೋದರೆ ಅದರ ಸುತ್ತ ಕಟ್ಟಿದ ಇಡೀ ದೃಶ್ಯ ನಿಂತುಹೋಗುತ್ತದೆ. 1995ರಲ್ಲಿ ಇರಾಲ್ದಿ ತೀರಿಕೊಂಡ ಮೇಲೆ ಊಗೊ ದೊಮಿಂಗೆಸ್ ಬಂದ. 1999ರ ಪ್ರದರ್ಶನದಲ್ಲಿ ಬಚ್ಚಲುಮನೆಗೆಂದೇ ಒಂದು ಸ್ತುತಿ ಬಂತು: ತೊಳೆದುಕೊಳ್ಳುವ ಬೇಸಿನ್ನಿನ (ಬಿಡೆ) ವಾದ್ಯ, ಕಮೋಡ್ ಸೀಟಿನ ಲೈರ್ ಎಂಬ ತಂತಿವಾದ್ಯ, ಗೀಸರಿನ ಟ್ರಾಂಬೋನ್, ಷವರ್ ನೀರು ಚಕ್ರ ತಿರುಗಿಸಿ ಲೋಹದ ಪಟ್ಟಿ ಬಾರಿಸುವ ವ್ಯವಸ್ಥೆ.

ಪ್ರದರ್ಶನ ಹೇಗೆ ಕಟ್ಟುತ್ತಿದ್ದರು ಎಂಬುದರಲ್ಲೂ ಕಾರ್ಖಾನೆಯ ಶಿಸ್ತಿತ್ತು. ಹೊಸ ಪ್ರದರ್ಶನವನ್ನು ನೇರ ರಾಜಧಾನಿಗೆ ತರುತ್ತಿರಲಿಲ್ಲ. ಮೊದಲು 300 ಕಿಲೋಮೀಟರ್ ಆಚೆಯ ರೊಸಾರಿಯೊದಲ್ಲಿ ಆಡಿ, ಎಲ್ಲಿ ನಕ್ಕರು, ಎಲ್ಲಿ ಕೆಮ್ಮಿದರು ಎಂದು ನೋಡಿ, ಕತ್ತರಿಸಿ, ಮತ್ತೆ ಹೊಲಿದು ಬ್ಯೂನಸ್ ಐರಿಸ್‌ಗೆ ಹೋಗುವುದು ರೂಢಿಯಾಯಿತು. ರೊಸಾರಿಯೊದವನೇ ಆದ ವ್ಯಂಗ್ಯಚಿತ್ರಕಾರ ರೊಬೆರ್ತೊ ಫೊಂತಾನರೋಸಾ 1970ರ ದಶಕದ ಕೊನೆಯಿಂದ 2007ರಲ್ಲಿ ತೀರಿಕೊಳ್ಳುವ ತನಕ ಇವರಿಗೆ ಹೊರಗಿನ ಕಣ್ಣಾಗಿದ್ದ, ನಗೆಯ ಎಳೆ ಒದಗಿಸುತ್ತಿದ್ದ. ಇನ್ನೊಂದು ಸಂಗತಿ ಅರ್ಜೆಂಟೀನಾದಲ್ಲಷ್ಟೇ ನಡೆಯಬಹುದಾದದ್ದು. ತಂಡದವರೆಲ್ಲ ಒಟ್ಟಾಗಿ ಫೆರ್ನಾಂದೊ ಉಯೋವಾ ಎಂಬ ಮನೋವಿಶ್ಲೇಷಕನ ಬಳಿ ವರ್ಷಗಟ್ಟಲೆ ಗುಂಪು ಚಿಕಿತ್ಸೆಗೆ ಕೂತರು. ದುಡ್ಡಿನ ಜಗಳದಲ್ಲಿ ಹುಟ್ಟಿದ ತಂಡಕ್ಕೆ ಜಗಳ ಆಡಲೊಂದು ಜಾಗ ಮಾಡಿಕೊಳ್ಳುವ ಬುದ್ಧಿ ಬಂದಿತ್ತು ಎನ್ನಬೇಕು. ಅದೂ ಎಲ್ಲವನ್ನೂ ತಡೆಯಲಿಲ್ಲ, 1986ರಲ್ಲಿ ಆಚೆರ್ ಬಿಟ್ಟುಹೋದ. ಅದೇ ವರ್ಷ ತಂಡ ದೇಶದ ಅತಿ ದೊಡ್ಡ ಒಪೆರಾ ಮನೆ ತೆಯಾತ್ರೊ ಕೊಲೋನ್‌ನಲ್ಲಿ ನುಡಿಸಿತು.

1976ರಿಂದ 1983ರ ತನಕ ದೇಶ ಸೇನೆಯ ಕೈಯಲ್ಲಿತ್ತು. ಜನ ಕಾಣೆಯಾಗುತ್ತಿದ್ದ ಆ ವರ್ಷಗಳಲ್ಲೇ, 1977ರಲ್ಲಿ, ಇವರ ಅತಿ ಹೆಸರಾದ ಪ್ರದರ್ಶನ ರಂಗಕ್ಕೆ ಬಂತು. ಅದರಲ್ಲಿ ದೊನ್ ರೊದ್ರಿಗೊ ಎಂಬ ಸ್ಪೇನಿನ ದಂಡನಾಯಕ ಅಮೆರಿಕ ಖಂಡ ಗೆಲ್ಲಲು ಬರುತ್ತಾನೆ. ಹೋದಲ್ಲೆಲ್ಲ ಆಯಾ ಪ್ರಾಂತ್ಯದ ಜನಪದ ಲಯದಲ್ಲೇ ಸಂಗೀತ ಸಾಗುತ್ತದೆ, ಗೆಲ್ಲಲು ಬಂದವನು ಲಯದ ಮುಂದೆ ಪೆಚ್ಚಾಗುತ್ತಾ ಹೋಗುತ್ತಾನೆ. ಯಾವ ಜನರಲ್‌ನ ಹೆಸರೂ ಇಲ್ಲ. ಗಂಭೀರ ಮುಖದ ಅಧಿಕಾರ ಎಷ್ಟು ಪೊಳ್ಳು ಎಂಬುದನ್ನು ಗಂಭೀರ ಮುಖದಲ್ಲೇ ಹಾಡಿದರು. ನೇರ ಮಾತು ಬಂದದ್ದು ಪ್ರಜಾಪ್ರಭುತ್ವ ಮರಳಿದ ಮೇಲೆ. 1996ರ ಪ್ರದರ್ಶನದಲ್ಲಿ ಇಬ್ಬರು ರಾಜಕಾರಣಿಗಳು ಮಾಂಜಿಯಾಕಪ್ರೀನಿ ಎಂಬ ಸಂಗೀತಗಾರನನ್ನು ಕರೆಸಿ, ರಾಷ್ಟ್ರಗೀತೆಯನ್ನು ತಮ್ಮ ಪಕ್ಷಕ್ಕೆ ಅನುಕೂಲವಾಗುವಂತೆ ತಿದ್ದಲು ಹೇಳುತ್ತಾರೆ. ಅದನ್ನು ಇಲ್ಲಿ ಕೂತು ನೋಡಿದರೂ ಅಡಿಟಿಪ್ಪಣಿ ಬೇಕಾಗುವುದಿಲ್ಲ.

ಆಚೆರ್ ಹೋದ ಮೇಲಿನ ಐವರು ಸುಮಾರು ಮೂವತ್ತು ವರ್ಷ ಹಾಗೇ ನಡೆಸಿದರು. ಸ್ಪೇನ್, ಲ್ಯಾಟಿನ್ ಅಮೆರಿಕದ ದೇಶಗಳೆಲ್ಲ ಇವರ ತವರೇ ಆದವು. 2015ರ ಆಗಸ್ಟ್‌ನಲ್ಲಿ ರಬಿನೊವಿಚ್ ತೀರಿಕೊಂಡ. 2017ರಲ್ಲಿ ತಂಡಕ್ಕೆ 50 ತುಂಬಿತು, ಸ್ಪೇನಿನ ಪ್ರಿನ್ಸೆಸ್ ಆಫ್ ಆಸ್ಟೂರಿಯಸ್ ಪ್ರಶಸ್ತಿ ಬಂತು, ನೂನ್ಯೆಸ್ ನಿವೃತ್ತನಾದ. 2020ರ ಏಪ್ರಿಲ್‌ನಲ್ಲಿ ಮುಂಡ್‌ಸ್ಟಾಕ್ ಹೋದ. ಬದಲಿಗೆ ಬಂದವರು ಮಾರ್ತಿನ್ ಓಕಾನರ್, ತಾತೊ ತುರಾನೊ, ತೊಮಾಸ್ ಮಾಯೆರ್-ವೂಲ್ಫ್, ರೊಬೆರ್ತೊ ಆಂತಿಯೆರ್. ಒಳ್ಳೆಯ ಗಾಯಕರು, ವಾದಕರು. ವಾದ್ಯ, ಸ್ವರಪ್ರಸ್ತಾರ, ಹೆಜ್ಜೆ ಎಲ್ಲ ಕಲಿಸಬಹುದು. ಒಬ್ಬನ ಉಸಿರಿನ ಅಂತರಕ್ಕೆ ಅಳತೆ ಹಿಡಿದು ಬರೆದ ಪರಿಚಯ ಭಾಷಣವನ್ನು ಇನ್ನೊಬ್ಬ ಓದುವುದು ಬೇರೆ ಮಾತು. ಹಳೆಯ ಕೃತಿಗಳ ಸಂಕಲನ ಆಡಿದಾಗಲೆಲ್ಲ ಪ್ರೇಕ್ಷಕರಿಗೆ ಹಳೆಯ ದನಿ ನೆನಪಾಗುತ್ತಿತ್ತು, ಹೊಸಬರು ಎಷ್ಟು ಚೆನ್ನಾಗಿ ಮಾಡಿದರೂ ಅಷ್ಟೇ.

ಹಾಗಾಗಿ ಉಳಿದಿದ್ದ ಇಬ್ಬರು ಹಳಬರು, ಮರೋನಾ ಮತ್ತು ಲೋಪೆಸ್ ಪುಚಿಯೊ, ಕೊನೆಗೆ ಮಾಡಿದ್ದು ಸರಿಯಾದ ಕೆಲಸ. ಹಳೆಯದನ್ನು ಮತ್ತೆ ಹುರಿದು ಬಡಿಸದೆ ಪೂರ್ತಿ ಹೊಸ ಪ್ರದರ್ಶನ ಬರೆದರು, ಹೊಸ ನಾಲ್ವರ ದನಿಗೇ ಅಳತೆ ಹಿಡಿದು. 2022ರ ನವೆಂಬರಿನಲ್ಲಿ ವಾಡಿಕೆಯಂತೆ ರೊಸಾರಿಯೊದಲ್ಲೇ ಮೊದಲ ಆಟ. ದಶಕಗಳ ಕಾಲ ಕೆಂಪು ಫೋಲ್ಡರಿನೊಳಗೆ ಮಾತ್ರ ಬದುಕಿದ್ದ ಮಾಸ್ತ್ರೊಪಿಯೆರೊ ಈ ಸಲ ಸಂದರ್ಶನಕ್ಕೆ ಬಂದು ವೇದಿಕೆಯ ಮೇಲೆ ಕೂತ. ಇದೇ ಕೊನೆಯ ಪ್ರವಾಸ ಎಂದು ಮುಂದಿನ ವರ್ಷದ ಶುರುವಿನಲ್ಲೇ ಘೋಷಿಸಿದರು. ಹೆಸರು ಮಾರಿಕೊಂಡು ಇನ್ನೂ ಹತ್ತು ವರ್ಷ ಟಿಕೆಟ್ ಮಾರಬಹುದಿತ್ತು. 2023ರಲ್ಲಿ ನಿಲ್ಲಿಸಿದರು.